ಹಲಗೆಯ ಹಿಂಬದಿ

"ಕೇಳ್ರಪ್ಪೋ ಕೇಳಿ! ಅರಮನೆಯ ಗಣಕಯಂತ್ರಕ್ಕೆ ಯಜಮಾನನೊಬ್ಬ ಬೇಕಾಗಿದ್ದಾನೆ. ರಾಜಕುಮಾರಿ ಚಿತ್ರಲತೆ ಮೂರು ಒಗಟು ಹಾಕುತ್ತಾರೆ. ಮೂರಕ್ಕೂ ಉತ್ತರ ತಂದವನಿಗೆ ಯಂತ್ರಶಾಲೆಯ ಯಜಮಾನಿಕೆ, ಕೋಟೆಯೊಳಗೆ ತೊಟ್ಟಿಮನೆ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರದವನು ಗಣಕಿಗರ ಬೀದಿಗೆ ಬಂದು ಹೀಗೆ ಸಾರಿದಾಗ ನಾಗೋಜನ ಕಣ್ಣು ಮೊದಲು ಹೋದದ್ದು ಪಕ್ಕದ ಜಗಲಿಯ ದ್ಯಾವಪ್ಪನ ಮೇಲೆ. ಅದು ಅವನ ಕಣ್ಣಿಗೆ ಅಂಟಿದ ಚಾಳಿ.

ಆ ಬೀದಿಯವರು ಯಾರ ಸಂಬಳಕ್ಕೂ ಸೇರಿದವರಲ್ಲ. ತಮಗೆ ಬರುವ ವಿದ್ಯೆಯನ್ನು ಹಲಗೆಯ ಮೇಲೆ ಬರೆದು ಗೋಡೆಗೆ ತೂಗುಹಾಕಿ, ಕರೆದವರ ಯಂತ್ರಕ್ಕೆ ಬಿಡಿಗೆಲಸ ಮಾಡಿಕೊಡುವವರು. ನಾಗೋಜನ ಹಲಗೆಯ ಮೇಲಿದ್ದದ್ದು ಒಂದೇ ಸಾಲು: "ಗುಟ್ಟು ಕಾಯುವ ಬೀಗ." ಯಂತ್ರದೊಳಗಿನ ಮಾತು ಕಂಡವರ ಪಾಲಾಗದಂತೆ ಬಿಗಿಯುವ ಆ ಒಂದೇ ವಿದ್ಯೆಗೆ ಅವನು ಹನ್ನೆರಡು ವರ್ಷ ಸವೆಸಿದ್ದ. ದ್ಯಾವಪ್ಪನ ಹಲಗೆಯ ಮೇಲೆ ಹದಿನೇಳು ಸಾಲು. ಯಂತ್ರದ ಧೂಳು ಹೊಡೆಯುವುದು, ತಂತಿ ಜೋಡಿಸುವುದು, ಕಳೆದ ಕಡತ ಹುಡುಕುವುದು, ಸಂತೆಯ ಹೆಂಗಸರಿಗೆ ಅರ್ಜಿ ಬರೆದುಕೊಡುವುದು. ಇದೂ ಒಂದು ವಿದ್ಯೆಯೇ? ನಾಗೋಜ ದಿನಾ ಜಗಲಿ ಗುಡಿಸುವಾಗ ಆ ಸಾಲುಗಳನ್ನು ಎಣಿಸುತ್ತಿದ್ದ. ಒಂದು ಹೆಚ್ಚಾಗಿದ್ದರೆ ಅವತ್ತು ಅನ್ನ ಸೇರುತ್ತಿರಲಿಲ್ಲ. ದ್ಯಾವಪ್ಪನ ಜಗಲಿ ಹತ್ತಿದ ಗಿರಾಕಿ ಆಮೇಲೆ ತನ್ನ ಕಡೆ ಬಂದರೆ, ಅವನು ಬಿಟ್ಟ ಎಂಜಲು ತನ್ನ ಪಾಲಿಗೆ ಬಂತೆಂದು ಹಲ್ಲು ಕಡಿಯುತ್ತಿದ್ದ.

ಒಗಟಿನ ದಿನ ಸ್ಪರ್ಧಿಗಳು ತಂತಮ್ಮ ಹಲಗೆ ಹಿಡಿದು ಅರಮನೆಗೆ ಹೋದರು. ನಾಗೋಜ ಹಲಗೆಯನ್ನು ಮನೆಯಲ್ಲೇ ಬಿಟ್ಟು ಹೋದ. ದ್ಯಾವಪ್ಪ ಸೋಲುವುದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೆ.

ಚಿತ್ರಲತೆ ಮೊದಲ ಒಗಟು ಹಾಕಿದಳು. "ಕೈಯಿಲ್ಲದವನೊಬ್ಬ ದಿನವೂ ಮಧ್ಯಾಹ್ನ ನನ್ನ ಯಂತ್ರದ ಕೋಣೆಗೆ ಬರುತ್ತಾನೆ. ಬಾಗಿಲು ತೆರೆಯುವುದಿಲ್ಲ, ಕಾವಲಿನವರು ತಡೆಯುವುದಿಲ್ಲ. ಅವನು ಬಂದರೆ ಯಂತ್ರ ಮೂರ್ಛೆ ಹೋಗುತ್ತದೆ, ಹೋದರೆ ಏಳುತ್ತದೆ. ಯಾರವನು?"

"ವೈರಸ್ಸು!" ಎಂದ ವೈರಸ್ಸು ಹಿಡಿಯುವುದರಲ್ಲಿ ಹೆಸರಾದ ಜಟ್ಟಪ್ಪ. ಅವನನ್ನು ಸೆರೆಮನೆಗೆ ಎಳೆದೊಯ್ದರು. "ತಂತಿಯೊಳಗಿನ ಕರೆಂಟು" ಎಂದ ತಂತಿ ಬಿಟ್ಟು ಬೇರೇನೂ ಅರಿಯದ ಸೋಮೋಜ. ಅವನೂ ಹಿಂದೆಯೇ ಹೋದ. ಉಳಿದವರು ಹಲಗೆಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಬಿಸಿಲು ತಾಯಿ," ಎಂದ ದ್ಯಾವಪ್ಪ. "ಪಡುವಣ ಕಿಟಕಿಯಿಂದ ಬಂದು ಯಂತ್ರದ ಮೇಲೆ ಬೀಳ್ತದೆ. ಕಾದ ಯಂತ್ರ ನಿಂತೋಗ್ತದೆ. ಧೂಳು ಹೊಡೆಯೋಕೆ ಹೋದ ಕಡೆಯೆಲ್ಲ ಕಂಡಿದೀನಿ."

"ಸರಿ," ಎಂದಳು ಚಿತ್ರಲತೆ. "ನನ್ನ ಯಂತ್ರ ಪ್ರಜೆಗಳ ಪ್ರಶ್ನೆಗೆಲ್ಲ ನಿಜವನ್ನೇ ಬರೆದುಕೊಡುತ್ತದೆ, ತಡಮಾಡುವುದಿಲ್ಲ. ಕೇಳಿದವರು ಕುರುಡರಲ್ಲ, ಅಕ್ಷರ ಬಲ್ಲವರೇ. ಆದರೂ ಉತ್ತರ ಅವರಿಗೆ ಮುಟ್ಟುವುದಿಲ್ಲ. ನಡುವೆ ಕೂತು ನುಂಗುವುದು ಯಾವುದು?"

"ಆಸ್ಥಾನದ ಭಾಷೆ, ತಾಯಿ. ಪಂಡಿತರ ಮಾತಲ್ಲಿ ಬರೆದರೆ ಸಂತೆಯ ಹೆಂಗಸಿಗೆ ಏನು ತಿಳೀತದೆ? ಅಕ್ಷರ ಓದ್ತಾಳೆ, ಬರಿಗೈಲಿ ಹೋಗ್ತಾಳೆ."

ಸಭೆ ಚಪ್ಪಾಳೆ ತಟ್ಟಿತು. ನಾಗೋಜನಿಗೆ ಆ ಚಪ್ಪಾಳೆ ಕೆನ್ನೆಗೆ ಬಿದ್ದ ಹಾಗಾಯಿತು. ಧೂಳು ಹೊಡೆಯುವವನಿಗೆ ತೊಟ್ಟಿಮನೆಯೇ!

ಚಿತ್ರಲತೆ ಮೂರನೆಯದನ್ನು ಹಾಕಿದಳು. "ನನ್ನ ಯಂತ್ರಕ್ಕೊಂದು ಬೀಗ. ಅದರ ಕೀಲಿಕೈಯನ್ನು ಊರ ನಡುವೆ ತೂಗುಹಾಕಿದ್ದೇನೆ, ಯಾರು ಬೇಕಾದರೂ ಒಯ್ಯಬಹುದು. ಆದರೂ ಒಬ್ಬ ಕಳ್ಳನೂ ಒಳಗೆ ಬಂದಿಲ್ಲ. ಬೀಗ ಹಾಕಿದವನಿಗೇ ಅದನ್ನು ತೆಗೆಯಲು ಬಾರದು. ಅದು ಹೇಗೆ?"

ನಾಗೋಜ ಕತ್ತು ಚಾಚಿದ. ಇದು ಅವನ ವಿದ್ಯೆ! ದ್ಯಾವಪ್ಪನ ಮುಖ ನೋಡಿದ. ಅದು ಬಿಳಚಿಕೊಂಡಿತ್ತು.

"ಇದು ನನಗೆ ಗೊತ್ತಿಲ್ಲ, ತಾಯಿ," ಎಂದ ದ್ಯಾವಪ್ಪ.

ನಾಗೋಜನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಆದರೆ ಬುದ್ಧಿ," ದ್ಯಾವಪ್ಪ ಸಿಂಹಾಸನದಲ್ಲಿ ಕೂತಿದ್ದ ರಾಜನ ಕಡೆ ತಿರುಗಿದ, "ಉತ್ತರ ತಂದವನಿಗೆ ಅಂತ ಡಂಗುರ ಸಾರಿಸಿದ್ರಿ. ಯಾರ ಬಾಯಿಂದ ತರಬೇಕು ಅಂತ ಹೇಳಲಿಲ್ಲ. ನನ್ನ ಹಲಗೆ ತಿರುಗಿಸಿ ಓದಿಸಿ."

ರಾಜ ಮೀಸೆಯಡಿಯಲ್ಲೇ ನಕ್ಕು ತಲೆಯಾಡಿಸಿದ. ಓಲೆಕಾರ ಹಲಗೆ ತಿರುಗಿಸಿದ. ಹಿಂಬದಿಯಲ್ಲಿ ಮಾಸಿದ ಮಸಿಯ ಸಾಲುಗಳಿದ್ದವು. "ಬೀಗದ ಕೆಲಸಕ್ಕೆ ನನ್ನನ್ನು ಕೇಳಬೇಡಿ. ಪಕ್ಕದ ಜಗಲಿಯ ನಾಗೋಜಣ್ಣನನ್ನು ಕೇಳಿ. ಈ ಸೀಮೆಯಲ್ಲಿ ಅವನಷ್ಟು ಬಲ್ಲವರಿಲ್ಲ."

ಮಸಿ ನೋಡಿದರೇ ಗೊತ್ತಾಗುತ್ತಿತ್ತು, ಬರೆದು ವರ್ಷಗಳೇ ಆಗಿವೆ. ಎಂಜಲು ಎಂದುಕೊಂಡಿದ್ದ ಗಿರಾಕಿಗಳೆಲ್ಲ ದ್ಯಾವಪ್ಪ ಈ ಸಾಲು ತೋರಿಸಿ ಕಳಿಸಿದವರು. ಮುಂಬದಿಯ ಸಾಲುಗಳನ್ನು ದಿನಾ ಎಣಿಸಿದ ನಾಗೋಜ ಒಂದು ದಿನವೂ ಹಲಗೆ ತಿರುಗಿಸಿ ನೋಡಿರಲಿಲ್ಲ.

"ನಾಗೋಜ ಎಂಬವನು ಇದ್ದಾನೆಯೇ?" ಎಂದ ರಾಜ. ಎಲ್ಲರೂ ತಿರುಗಿ ನೋಡಿದರು. "ಗೊತ್ತಿಲ್ಲ ಬುದ್ಧಿ" ಎಂದರೆ ಮುಗಿಯಿತು, ಪಕ್ಕದ ಜಗಲಿ ಖಾಲಿ. ಯಾರೂ ಅವನನ್ನು ದೂರುವಂತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ನಾಗಣ್ಣ," ಎಂದ ದ್ಯಾವಪ್ಪ, "ನಿನಗೆ ಗೊತ್ತಿರ್ತದೆ."

ನಾಗೋಜ ರಾಜನ ಮುಂದೆ ಬಂದು ನಿಂತ. "ಅದು ಜೋಡಿ ಕೀಲಿ, ಬುದ್ಧಿ," ಎಂದ, ಯಾರನ್ನೋ ಬೈಯುವ ದನಿಯಲ್ಲಿ. "ಒಂದು ಬರೀ ಬೀಗ ಹಾಕೋಕೆ, ಇನ್ನೊಂದು ಬರೀ ತೆಗೆಯೋಕೆ. ಹಾಕೋದನ್ನ ಊರಿಗೆಲ್ಲ ಕೊಡಬಹುದು. ತೆಗೆಯೋದು ರಾಜಕುಮಾರಿಯವರ ಹತ್ರ ಮಾತ್ರ ಇರ್ತದೆ. ಯಾರು ಬೇಕಾದರೂ ಗುಟ್ಟಿನ ಓಲೆ ಕಳಿಸಬಹುದು, ಓದೋದು ಅವರೊಬ್ಬರೇ."

ಚಿತ್ರಲತೆ ಕೊರಳಿಗೆ ಕಟ್ಟಿಕೊಂಡಿದ್ದ ಸಣ್ಣ ಕೀಲಿಕೈಯನ್ನು ಎತ್ತಿ ತೋರಿಸಿದಳು. "ಮೂರೂ ಸರಿ. ತನಗೆ ಬರುವುದನ್ನೂ ಬಾರದ್ದನ್ನೂ ಒಂದೇ ಹಲಗೆಯಲ್ಲಿ ಬರೆದವನು ಇವನೊಬ್ಬ. ಯಂತ್ರಶಾಲೆ ಇವನದು."

ದ್ಯಾವಪ್ಪ ಮೊದಲು ಬೇಡಿದ್ದು ಜಟ್ಟಪ್ಪ, ಸೋಮೋಜರ ಬಿಡುಗಡೆಯನ್ನು. ಆಮೇಲೆ ಅರಮನೆಯ ಬೀಗಗಳೆಲ್ಲ ನಾಗೋಜನ ಕೈಯಲ್ಲೇ ಆಗಬೇಕೆಂದ. ರಾಜ ಎರಡಕ್ಕೂ ಒಪ್ಪಿದ.

ಮರುದಿನ ನಾಗೋಜ ಜಗಲಿ ಗುಡಿಸಿದ. ಪಕ್ಕದ ಗೋಡೆಯಲ್ಲಿ ಬರೀ ಮೊಳೆ ಇತ್ತು, ಎಣಿಸಲು ಏನೂ ಇರಲಿಲ್ಲ. ಪೊರಕೆ ಇಟ್ಟು ತನ್ನ ಹಲಗೆ ಇಳಿಸಿ, ಹಿಂಬದಿಗೆ ಬರೆದ: "ಉಳಿದ ಕೆಲಸಕ್ಕೆಲ್ಲ ಕೋಟೆಯೊಳಗಿನ ದ್ಯಾವಪ್ಪನನ್ನು ಕೇಳಿ." ಹಾಗೆಂದು ಹೊಟ್ಟೆಯುರಿ ಪೂರ್ತಿ ಆರಿತ್ತೇ? ಇಲ್ಲ. ಹೊಸದಾಗಿ ಬರೆದ ಬದಿಯನ್ನು ಗೋಡೆಗೆ ತಿರುಗಿಸಿಯೇ ತೂಗುಹಾಕಿದ.