ಕೊಳದವರ ಬುತ್ತಿ ಉಂಡ ನರಿ

ಒಂದು ಕಾಡಿನಲ್ಲಿ ಒಂದು ನರಿ ಕೊಳದ ದಂಡೆಯ ಮೇಲೆ ಸುಣ್ಣ ಸುಡುವ ಗೂಡು ಹಾಕಬೇಕೆಂದು ಹಟ ಹಿಡಿದಿತ್ತು. ಆರು ತಿಂಗಳು ಅದಕ್ಕಾಗಿಯೇ ಓಡಾಡಿತು. ಕೊನೆಗೆ ತೀರ್ಮಾನದ ದಿನ ಬಂದಾಗ, ತುಂಬಿದ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ "ಗೂಡು ಬೇಡ, ಬೇಡವೇ ಬೇಡ!" ಎಂದು ಕೂಗಿದ್ದೂ ಅದೇ ನರಿ. ಏನಾಗಿರಬಹುದು, ಹೇಳಿ ನೋಡೋಣ? ಒಳ್ಳೆಯ ಬುದ್ಧಿ ಬಂತೇ? ಇಲ್ಲ ಬಿಡಿ, ಅದಕ್ಕೆ ಅಷ್ಟು ಬೇಗ ಬರುವುದಿಲ್ಲ. ಯಾರಾದರೂ ಹಿಡಿದು ಬಡಿದರೇ? ಅದೂ ಇಲ್ಲ. ಯಾರೂ ಅದರ ಬಾಲವನ್ನು ಸಹ ಮುಟ್ಟಲಿಲ್ಲ. ನೀವು ಊಹಿಸುತ್ತಾ ಇರಿ, ನಾನು ಮೊದಲಿನಿಂದ ಹೇಳುತ್ತೇನೆ.

ಆ ವರ್ಷ ಕಾಡಿನ ಕೋತಿಗಳಿಗೆಲ್ಲ ಎಲೆಯಡಿಕೆಯ ಚಟ ಹತ್ತಿತ್ತು. ಎಲೆ ಇತ್ತು, ಅಡಿಕೆ ಇತ್ತು, ಸುಣ್ಣ ಇರಲಿಲ್ಲ. ಸುಣ್ಣವಿಲ್ಲದೆ ಬಾಯಿ ಕೆಂಪಾಗುವುದುಂಟೇ? ನರಿ ಇದನ್ನು ನೋಡಿತು. ಕೊಳದ ತಳದಲ್ಲಿ ಬಸವನಹುಳುಗಳ ಖಾಲಿ ಚಿಪ್ಪು ಬೇಕಾದಷ್ಟು ಬಿದ್ದಿತ್ತು. ಅಲ್ಲಿಯೇ ಗೂಡು ಹಾಕಿ ಚಿಪ್ಪು ಸುಟ್ಟು, ಅಲ್ಲಿಯೇ ನೀರಲ್ಲಿ ಅರಳಿಸಿದರೆ ಸುಣ್ಣ ಸಿದ್ಧ. ಕೋತಿಗಳು ಬದಲಿಗೆ ಹಣ್ಣು ತಂದು ಸುರಿಯುತ್ತವೆ. ನರಿಯ ಮನೆ ಇದ್ದದ್ದು ಕೊಳದಿಂದ ಎರಡು ಗುಡ್ಡ ಆಚೆ, ಸ್ವಂತ ಒರತೆಯ ಪಕ್ಕ. ಹಾಗಾಗಿ ಹೊಗೆಯ ಯೋಚನೆ ಅದಕ್ಕೆ ಬರಲೇ ಇಲ್ಲ.

ಆದರೆ ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು, ಬಹಳ ಚೆಂದದ ಪದ್ಧತಿ. ಯಾರೇ ನೆಲ ಅಗೆಯಲಿ, ಬೆಂಕಿ ಹಾಕಲಿ, ಮೊದಲು ಬೋಳುಬಂಡೆಯ ಮೇಲೆ ಕೇಳುಸಭೆ ಸೇರಬೇಕು. ಆ ಕೆಲಸದಿಂದ ನೀರಿಗೆ ಏನಾಗುತ್ತದೆ, ಗಾಳಿಗೆ ಏನಾಗುತ್ತದೆ ಎಂದು ಅಕ್ಕಪಕ್ಕದ ಜೀವಿಗಳು ಪರೀಕ್ಷೆ ಮಾಡಿ ತಿಳಿದುಕೊಂಡು ಬಂದು ಹೇಳಬೇಕು. ಪರೀಕ್ಷೆ ಮಾಡುತ್ತಾ ಕೂತರೆ ಹೊಟ್ಟೆಗೇನು? ಅದಕ್ಕಾಗಿ ಕಾಡಿನ ಉಗ್ರಾಣದಿಂದ ಅವರಿಗೆ ದಾರಿಬುತ್ತಿ ಕೊಡುತ್ತಿದ್ದರು. ಇಪ್ಪೆಹೂವು, ಜೇನು, ಒಣಮೀನು, ಒಂದು ತಿಂಗಳಿಗಾಗುವಷ್ಟು. ಆ ಬುತ್ತಿಯಲ್ಲೇ ಒಂದಿಷ್ಟು ಕೊಟ್ಟು, ತಿಳಿದವರನ್ನು ಕರೆಸಿ ಕೇಳಲೂ ಬಹುದಿತ್ತು. ಆ ಪದ್ಧತಿಗೆ ಇನ್ನೊಂದು ಅರ್ಧವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ನರಿಯೂ ಅದನ್ನು ಕೇಳಿರಲಿಲ್ಲ. ಮೊದಲ ಅರ್ಧ ಕಿವಿಗೆ ಬಿದ್ದ ತಕ್ಷಣ ಅದು ಎದ್ದು ಹೋಗಿತ್ತು.

ಎದ್ದು ಹೋದದ್ದು ನೇರವಾಗಿ ಕಾಡಿನ ಹಿರಿಯಳಾದ ಮುದಿ ಆನೆಯ ಹತ್ತಿರಕ್ಕೆ.

"ದೊಡ್ಡವ್ವಾ, ಬುತ್ತಿ ಕೊಡೋದು ಧರ್ಮವೇ. ಆದರೆ ಸುಮ್ಮನೆ ಕೊಟ್ಟರೆ ಮೈಗಳ್ಳರೆಲ್ಲ ಬಂದು ಸಾಲು ನಿಲ್ತಾರೆ. ಗೂಡಿನಿಂದ ಎಷ್ಟು ಹೊಗೆ ಬರುತ್ತೆ, ನೀರಿಗೆ ಎಷ್ಟು ಸುಣ್ಣ ಸೇರುತ್ತೆ ಅಂತ ಬೋಳುಬಂಡೆಗೇ ಬಂದು ವಿವರವಾಗಿ ಹೇಳಿದವರಿಗೆ ಮಾತ್ರ ಕೊಡೋಣ."

"ಹೌದಲ್ಲ!" ಎಂದಿತು ಆನೆ. ಕಿವಿಗೆ ನಯವಾಗಿ ಕೇಳಿಸಿದ ಮಾತು, ಒಪ್ಪಿಬಿಟ್ಟಿತು.

"ಸಭೆಯನ್ನು ವೈಶಾಖದ ಮಧ್ಯಾಹ್ನ ಇಟ್ಟುಕೊಳ್ಳೋಣ. ಎಲ್ಲರಿಗೂ ಬಿಡುವು," ಎಂದಿತು ನರಿ.

ಬಿಡುವಂತೆ ಬಿಡುವು! ವೈಶಾಖದಲ್ಲಿ ಬಂಡೆ ಕಾದ ಕಾವಲಿ. ನೀರಿನ ಜೀವಿಗಳು ಅದರ ಮೇಲೆ ಕಾಲಿಡುವುದು ಹೇಗೆ?

ಕೊಳದ ದಂಡೆಯ ಬಿಲದಲ್ಲಿ ಒಂದು ತಾಯಿ ಏಡಿ ಇತ್ತು. ಸಾಸಿವೆ ಕಾಳಿನಷ್ಟು ಸಣ್ಣ ಮರಿಗಳನ್ನು ಹೊಟ್ಟೆಯಡಿಯ ಮಡಿಕೆಯಲ್ಲಿ ಹೊತ್ತುಕೊಂಡಿತ್ತು. ನೆರೆಯ ನೀರುನಾಯಿ ಬಂದು ಸುದ್ದಿ ಹೇಳಿತು.

"ಏಡಕ್ಕಾ, ನಿನ್ನ ಬಾಗಿಲಲ್ಲೇ ಸುಣ್ಣದ ಗೂಡು ಬರ್ತಾ ಇದೆ. ಹೋಗಿ ಬುತ್ತಿ ಕೇಳು."

"ಕೇಳೋಕೆ ಏನು ಹೇಳಬೇಕಂತೆ?"

"ಎಷ್ಟು ಹೊಗೆ, ಎಷ್ಟು ಸುಣ್ಣ, ಎಲ್ಲ ವಿವರ."

"ಅಯ್ಯೋ, ಅದನ್ನು ತಿಳಿದುಕೊಳ್ಳೋಕೆ ತಾನೇ ಬುತ್ತಿ! ತಿಳಿದೇ ಇದ್ದಿದ್ದರೆ ಬುತ್ತಿ ಯಾಕಪ್ಪಾ? ಬಂಡೆ ತಲುಪೋಕೆ ನನಗೆ ಎರಡು ದಿನ ಬೇಕು. ಅಷ್ಟು ದಿನ ನಾನು ಮೇವು ಹುಡುಕದಿದ್ದರೆ ಈ ಮಕ್ಕಳು ಉಳೀತಾವಾ?" ಎಂದಿತು ಏಡಿ. ಆಮೇಲೆ ಮೆಲ್ಲಗೆ ಕೇಳಿತು, "ನಿಜವಾಗಿಯೂ ನೀರಿಗೆ ಸುಣ್ಣ ಬೀಳುತ್ತಾ?"

ಅತ್ತ ಬೋಳುಬಂಡೆಯಲ್ಲಿ 'ಕೊಳದ ಗೆಳೆಯರ ಬಳಗ' ಅಂತ ಹೇಳಿಕೊಂಡು ಇಬ್ಬರು ಬಂದರು. ಒಂದು ನರಿ, ಇನ್ನೊಂದು ನರಿಯ ಭಾವಮೈದುನ. ಮೈಗೆ ಒಂದಿಷ್ಟು ಕೆಸರು, ಕಿವಿಗೆ ಒಂದು ನೈದಿಲೆ ಹೂವು. ಗೂಡು ಹಾಕುವುದು ನರಿಯೇ ಆದ್ದರಿಂದ ಹೊಗೆ, ಸುಣ್ಣದ ವಿವರವೆಲ್ಲ ಬಾಯಿಪಾಠ. ಗಡಗಡನೆ ಒಪ್ಪಿಸಿ ಬುತ್ತಿಯ ಗಂಟು ಎತ್ತಿಕೊಂಡು ಹೋದವು. ಉಗ್ರಾಣದ ಮೊಲ "ನೀವು ಕೊಳದವರೇನಯ್ಯಾ?" ಎಂದು ಕೇಳಿತ್ತು. "ಹುಟ್ಟಿದ್ದೇ ಅಲ್ಲಿ, ಸಾಯೋದೂ ಅಲ್ಲೇ!" ಎಂದಿತ್ತು ಭಾವಮೈದುನ. ಒಣಮೀನು ಒಂದೇ ದಿನಕ್ಕೆ ಖಾಲಿ.

ನೀರುನಾಯಿ ಸುಮ್ಮನೆ ಕೂರಲಿಲ್ಲ. ನರಿ ಕೋತಿಗಳಿಗೆ ರುಚಿ ತೋರಿಸಲು ಸುಟ್ಟಿದ್ದ ಒಂದು ಚೂರು ಸುಣ್ಣವನ್ನು ಸಂಪಾದಿಸಿತು. ಸೋರೆಬುರುಡೆಯಲ್ಲಿ ಕೊಳದ ನೀರು ತುಂಬಿ ಅದನ್ನು ಕದಡಿತು. ನೀರಿನ ಪಾಚಿ ಸಂಜೆಯೊಳಗೆ ಬಿಳಿಚಿಕೊಂಡಿತು. ಏಡಿ ಕಾಲಿನ ತುದಿ ಅದ್ದಿ, ಸರಕ್ಕನೆ ಹಿಂದೆಗೆಯಿತು. ಮರಿಗಳನ್ನು ಇನ್ನಷ್ಟು ಒಳಗೆ ಒತ್ತಿಕೊಂಡಿತು.

"ಸಭೆಗೆ ಹೋಗಲೇಬೇಕು," ಎಂದಿತು ಏಡಿ.

"ನನ್ನ ಬೆನ್ನ ಮೇಲೆ ಕೂರು. ಒದ್ದೆ ಪಾಚಿ ಹೊದ್ದುಕೋ," ಎಂದಿತು ನೀರುನಾಯಿ. ಅವತ್ತು ತನ್ನ ಮೀನಿನ ಬೇಟೆಯನ್ನೇ ಬಿಟ್ಟಿತ್ತು ಪಾಪ. ಕಪ್ಪೆಗಳು ತಮ್ಮ ಪಾಲಿನ ಮೇವಿನಲ್ಲೇ ಒಂದಿಷ್ಟು ತೆಗೆದು ಏಡಿಗೊಂದು ಸಣ್ಣ ಗಂಟು ಕಟ್ಟಿಕೊಟ್ಟವು.

ಅವು ಹೋಗಿ ತಲುಪಿದಾಗ ಸಭೆ ಅರ್ಧ ಮುಗಿದಿತ್ತು. ಭಾವಮೈದುನ ಮಾತಾಡುತ್ತಿತ್ತು.

"ಕೊಳದವರಾದ ನಾವು ಒಂದು ತಿಂಗಳು ಬುತ್ತಿ ಉಂಡು ಪರೀಕ್ಷೆ ಮಾಡಿದೆವು. ಗೂಡಿನಿಂದ ಕೊಳಕ್ಕೆ ಲಾಭವೇ ಲಾಭ. ಹೊಗೆ ಮೇಲೆ ಹೋಗುತ್ತೆ, ಸೊಳ್ಳೆ ಓಡಿಹೋಗುತ್ತೆ. ನೀರು ಬೆಳ್ಳಗೆ ಫಳಫಳ ಅನ್ನುತ್ತೆ."

ಕೋತಿಗಳು ಚಪ್ಪಾಳೆ ತಟ್ಟಿದವು.

"ಇವರು ಎಲ್ಲಿಯ ಕೊಳದವರು?" ಎಂದಿತು ಏಡಿ. ದನಿ ಸಣ್ಣದು, ಆದರೂ ಬಂಡೆಯ ಮೇಲೆ ಕೇಳಿಸಿತು. "ಕೊಳದಲ್ಲಿ ಎಷ್ಟು ಬಿಲ ಇದೆ ಅಂತ ನನಗೆ ಗೊತ್ತು, ದೊಡ್ಡವ್ವಾ. ಇವರ ಬಿಲ ಯಾವುದು, ಕೇಳಿ."

"ಕಂಡವರ ಬೆನ್ನೇರಿ ಬಂದವಳು ನಮ್ಮನ್ನು ಕೇಳ್ತಾಳೆ ನೋಡಿ!" ಎಂದು ನರಿ ನಕ್ಕಿತು. "ಬುತ್ತಿ ಪಡೆದವರು ಯಾರಮ್ಮಾ? ನೀನೋ, ನಾವೋ? ನಾವೇ ಕೊಳದವರು ಅಂತ ಉಗ್ರಾಣವೇ ಒಪ್ಪಿದೆ."

ಏಡಿ ಜಗಳಕ್ಕೆ ಹೋಗಲಿಲ್ಲ. ನೀರುನಾಯಿ ಕೊರಳಿಗೆ ಕಟ್ಟಿ ತಂದಿದ್ದ ಸೋರೆಬುರುಡೆಯನ್ನು ಆನೆಯ ಮುಂದೆ ಇಡಿಸಿತು. "ಇದು ನಮ್ಮ ನೀರು. ಇದರಲ್ಲಿರೋದು ನರಿಯಣ್ಣನ ಸುಣ್ಣ, ಒಂದೇ ಒಂದು ಚೂರು. ಸೊಂಡಿಲ ತುದಿ ಮುಟ್ಟಿಸಿ ನೋಡಿ. ನನ್ನ ಮಕ್ಕಳ ಮೈ ನಿಮ್ಮ ಸೊಂಡಿಲಿಗಿಂತ ತೆಳ್ಳಗಿದೆ."

ಆನೆ ಮುಟ್ಟಿಸಿತು. "ಹುಶ್ಶ್" ಎಂದು ಸೊಂಡಿಲು ಕೊಡವಿತು. ತುದಿ ಚುರುಚುರು ಉರಿಯಿತು. ತಾನು ತಲೆದೂಗಿದ ನಿಯಮದಿಂದ ಈ ತಾಯಿ ಬುತ್ತಿಯಿಲ್ಲದೆ ಬರಬೇಕಾಯಿತಲ್ಲ ಎಂದು ಅದಕ್ಕೆ ನಾಚಿಕೆಯಾಗಿರಬೇಕು. ಆಮೇಲೆ ಬಹಳ ಶಾಂತವಾಗಿ ಕೇಳಿತು:

"ನರಿಯಪ್ಪಾ, ನೀವಿಬ್ಬರೂ ಕೊಳದವರೇ ತಾನೇ?"

"ಸಂದೇಹವೇ ಬೇಡ, ದೊಡ್ಡವ್ವಾ!"

"ಬುತ್ತಿ ಉಂಡಿದ್ದೀರಿ?"

"ಒಂದು ಮುಳ್ಳೂ ಬಿಡದೆ!" ಎಂದಿತು ಭಾವಮೈದುನ.

"ಹಾಗಾದರೆ ಪದ್ಧತಿಯ ಉಳಿದರ್ಧ ಕೇಳಿ. ಬುತ್ತಿ ಉಂಡು ಸಭೆಯಲ್ಲಿ ಮಾತಾಡಿದವರು, ತಮ್ಮ ಮಾತು ಹೇಗೆ ಹಣ್ಣಾಯಿತು ಅಂತ ನೋಡೋಕೆ ಮೂರು ಮಳೆಗಾಲ ಆ ಜಾಗದಲ್ಲೇ ಇರಬೇಕು. ಅಲ್ಲಿಯದೇ ನೀರು ಕುಡಿಯಬೇಕು. ಕೊಳದವರಿಗೆ ಇದೇನು ಕಷ್ಟ ಅಂತ ಯಾರೂ ಈ ಮಾತು ಎತ್ತಿರಲಿಲ್ಲ. ಗೂಡು ಹಾಕು, ನರಿಯಪ್ಪಾ. ಅದರ ಪಕ್ಕದಲ್ಲೇ ನಿಮ್ಮ ಬಿಲ. ಇವತ್ತು ಬಿಸಿಲು ಜಾಸ್ತಿ, ಬಾಯಾರಿದ್ದೀರಿ. ಮೊದಲು ಈ ಬುರುಡೆಯಲ್ಲಿ ಒಂದೊಂದು ಗುಟುಕು ಕುಡಿಯಿರಿ."

ಭಾವಮೈದುನ ಬುರುಡೆಯತ್ತ ನೋಡಿತು, ನರಿಯತ್ತ ನೋಡಿತು. "ಭಾವಾ, ನಾನು ಮೀನಿಗೆ ಬಂದೋನು. ಇದು ನನ್ನ ಕೈಲಾಗಲ್ಲ!" ಎಂದು ಕುಳಿತೇಬಿಟ್ಟಿತು.

ಆಗ ನೋಡಿ, ನೀವು ಊಹಿಸುತ್ತಿದ್ದ ಕೂಗು ಬಂತು. "ಗೂಡು ಬೇಡ! ದೊಡ್ಡವ್ವಾ, ಬೇಡವೇ ಬೇಡ! ಆ ನೀರು ಕುಡಿದು ಮೂರು ಮಳೆಗಾಲ ಯಾರು ಬದುಕ್ತಾರೆ? ಹೊಗೆಗೆ ಕಣ್ಣು ಹೋಗುತ್ತೆ, ಸುಣ್ಣಕ್ಕೆ ಕರುಳು ಸುಡುತ್ತೆ!" ನರಿ ಒಂದೊಂದೇ ಹಾನಿಯನ್ನು ಬಿಡಿಸಿ ಬಿಡಿಸಿ ಹೇಳಿತು. ಅಷ್ಟು ಚೆನ್ನಾಗಿ ಏಡಿಗೂ ಹೇಳಲು ಬರುತ್ತಿರಲಿಲ್ಲ.

"ಈ ಬಾಣಂತಿ ಮನೆಗೂ ಇದೇ ನೀರು ಕಣಪ್ಪಾ," ಎಂದಿತು ಏಡಿ, ಅಷ್ಟೇ.

ಗೂಡಿನ ಮಾತು ಅಲ್ಲಿಗೇ ನಿಂತಿತು. ಆದರೆ ಉಂಡ ಬುತ್ತಿ ಉಂಡದ್ದೇ. ನರಿ ಮತ್ತು ಭಾವಮೈದುನ ಮೂರು ಮಳೆಗಾಲ ಕೊಳದ ದಂಡೆಯಲ್ಲೇ ಇದ್ದವು. ಕೇಳುಸಭೆ ಎಲ್ಲೇ ಇರಲಿ, ನಡೆಯಲಾರದವರನ್ನು ಬೆನ್ನ ಮೇಲೆ ಹೊತ್ತು ತರುವುದು ಅವುಗಳ ಕೆಲಸವಾಯಿತು. ಆನೆ ತನ್ನ ತಪ್ಪನ್ನೂ ತಿದ್ದಿಕೊಂಡಿತು. ಅಂದಿನಿಂದ ಬುತ್ತಿ ಕೇಳಿಕೊಂಡು ಯಾರೂ ಬಂಡೆಗೆ ಬರಬೇಕಾಗಿರಲಿಲ್ಲ. ಮೊಲವೇ ಹೊತ್ತು, ಬಿಲದಿಂದ ಬಿಲಕ್ಕೆ ಹೋಗಿ, ಅಲ್ಲಿ ವಾಸ ಇರುವವರನ್ನು ಕಣ್ಣಾರೆ ನೋಡಿ ಕೊಡುತ್ತಿತ್ತು. ಮೊದಲ ಬುತ್ತಿ ನೀರುನಾಯಿಗೆ ಮತ್ತು ಕಪ್ಪೆಗಳಿಗೆ ಹೋಯಿತು. ಕೋತಿಗಳು ಸುಣ್ಣವಿಲ್ಲದೆ ಎಲೆ ಅಗಿದು, ಬಾಯಿ ಕೆಂಪಾಗದೆ, ಎರಡೇ ವಾರದಲ್ಲಿ ಚಟ ಬಿಟ್ಟವು.

ಏಡಿಯ ಮರಿಗಳು ಮೊದಲ ಮಳೆಗೆ ಹೊಟ್ಟೆಯ ಮಡಿಕೆಯಿಂದ ಇಳಿದು, ತಿಳಿನೀರಿನಲ್ಲಿ ಅಡ್ಡಡ್ಡ ಓಡಿದವು.

ನೀತಿ: ಯಾರ ಬಾಗಿಲಲ್ಲಿ ಬೆಂಕಿ ಉರಿಯಲಿದೆಯೋ, ತಿಳಿದುಕೊಂಡು ಬಂದು ಮಾತಾಡುವ ಶಕ್ತಿಯನ್ನು ಮೊದಲು ಅವರಿಗೇ ಒದಗಿಸಬೇಕು, ಅವರ ಹೆಸರಿನಲ್ಲಿ ಬುತ್ತಿ ಉಂಡವನು ಅವರ ಪಾಡನ್ನೂ ಉಣ್ಣಬೇಕಾಗುತ್ತದೆ.

ಅಯ್ಯೋ, ದಿನ ಹೇಳುವುದನ್ನೇ ಮರೆತಿದ್ದೆ. ನರಿ ಬಂಡೆಯ ಮೇಲೆ ನಿಂತು ಹಾಗೆ ಕೂಗಿದ್ದು ವೈಶಾಖ ಬಹುಳ ನವಮಿ, ಸೋಮವಾರ, ಮಟಮಟ ಮಧ್ಯಾಹ್ನ.