ಯಾರ ಹೊಟ್ಟೆಯ ಸಾಕು

ಹೊಳೆ ಬಳಸಿಕೊಂಡು ಹೋಗುವ ಒಂದು ದಿಬ್ಬದ ಮೇಲೆ ಹಾಲಮ್ಮನ ಆಶ್ರಮವಿತ್ತು. ಮನಸ್ಸು ಕೆಟ್ಟವರು, ನಿದ್ದೆ ಕೆಟ್ಟವರು ಅಲ್ಲಿಗೆ ಬರುತ್ತಿದ್ದರು. ಹಾಲಮ್ಮ ಅವರಿಗೆ ಮಂತ್ರ ಹೇಳಿಕೊಡುತ್ತಿರಲಿಲ್ಲ. ಊಟಕ್ಕೆ ಕೂರಿಸುತ್ತಿದ್ದಳು.

ಊಟಕ್ಕೆ ಒಂದೇ ಕಟ್ಟಳೆ. ಉಣ್ಣುವವರು ಬಾಯಿಬಿಟ್ಟು "ಸಾಕು" ಅನ್ನುವ ತನಕ ಬಡಿಸುವವರು ಕೈ ನಿಲ್ಲಿಸುವಂತಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೂ, ತಲೆ ಆಡಿಸಿದರೂ ನಡೆಯುವುದಿಲ್ಲ.

ಸಾವಂತ್ರಿ ಅಲ್ಲಿಗೆ ಬಂದು ಹನ್ನೊಂದು ವರ್ಷ. ದೇವೀರಿ ಬಂದು ಎರಡು. ಪಂಕ್ತಿಯಲ್ಲಿ ಇಬ್ಬರ ಎಲೆಯೂ ಅಕ್ಕಪಕ್ಕ.

ದೇವೀರಿ ಹಸಿವಾದರೆ ಎರಡು ಮುದ್ದೆ ಉಣ್ಣುವಳು, ಇಲ್ಲದಿದ್ದರೆ ಒಂದು. ಎಲೆ ಎಸೆದಾಗ ಊಟದ ಯೋಚನೆಯನ್ನೂ ಅದರ ಜೊತೆಗೇ ಎಸೆದು ಬರುವಳು. ಮಲಗಿದ ಕೂಡಲೇ ಗೊರಕೆ. ನಿದ್ದೆ ಬಾರದ ಸಾವಂತ್ರಿ ಪಕ್ಕದಲ್ಲಿ ಹಲ್ಲು ಕಡಿಯುವಳು. ಗೊರಕೆಯನ್ನೂ ನನಗೆ ಕೇಳಿಸಲಿ ಅಂತಲೇ ಹೊಡೆಯುತ್ತಾಳೆ ಎಂದುಕೊಳ್ಳುವಳು.

ಒಂದು ದಿನ ಹಾಲಮ್ಮ ಇಬ್ಬರನ್ನೂ ಕರೆದಳು.

"ನನ್ನ ಕೈ ನಡುಗ್ತದೆ. ಕಾರ್ತಿಕದ ಹುಣ್ಣಿಮೆಗೆ ಸೌಟನ್ನ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡ್ತೀನಿ."

ಆ ಆಶ್ರಮದಲ್ಲಿ ಸೌಟು ಹಿಡಿದವರೇ ಗುರು.

ಮೊದಲು ಸಾಕು ಅಂದವಳಿಗೇ ಸೌಟು ಎಂದುಕೊಂಡು, ಅಂದಿನಿಂದ ಸಾವಂತ್ರಿ ಒಂದು ಕಿವಿಯನ್ನು ಪಕ್ಕದ ಎಲೆಗೇ ಮೀಸಲಿಟ್ಟಳು. ದೇವೀರಿ "ಸಾ" ಅನ್ನುವಷ್ಟರಲ್ಲಿ ಇವಳ ಬಾಯಿಂದ "ಸಾಕು" ಬಿದ್ದಾಗಿರುತ್ತಿತ್ತು. ಅವಳು ಒಂದು ಮುದ್ದೆ ಉಂಡರೆ ಇವಳು ಅರ್ಧ. ಅವಳು ಸಂಜೆ ಗಂಜಿ ಕುಡಿದರೆ ಇವಳು ಬರೀ ನೀರು. ಹಬ್ಬದಲ್ಲಿ ಅವಳು ಒಂದು ಹೋಳಿಗೆಗೆ ನಿಲ್ಲಿಸಿದರೆ ಇವಳು ಹೋಳಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ಹೊಟ್ಟೆಗೆ ಗುರುವಾಗುವ ಆಸೆ ಇರಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಳೆಗೆ ಇಳಿದಾಗ ಅದು ಸಾವಂತ್ರಿಯನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಮೂಲೆಯಲ್ಲಿ ಬೆಲ್ಲದ ಮಡಕೆ. ನಿಂತೇ ತಿನ್ನುವಳು, ಅಗಿಯದೆ ನುಂಗುವಳು. ಎಷ್ಟು ತಿಂದರೂ ಮಡಕೆ ಬರಿದಾಗುತ್ತಿರಲಿಲ್ಲ. ಅದೂ ತನ್ನನ್ನು ಅಣಕಿಸುತ್ತಿದೆ ಅನ್ನಿಸುತ್ತಿತ್ತು.

ತಿಂದ ಮೇಲೆ ಅಳುವಳು. ಅತ್ತ ಮೇಲೆ ಹೊರಗೆ ಬಂದು ಕಂಡವರ ಮೇಲೆ ಹರಿಹಾಯುವಳು. ಬಾವಿಯ ಹಗ್ಗವೂ ಅವಳ ಬೈಗುಳ ತಿಂದಿತ್ತು.

ಒಂದು ಮಧ್ಯಾಹ್ನ ಅವಳು ಉಗ್ರಾಣದಿಂದ ಹೊರಬಂದರೆ ಹಾಲಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ಗಲ್ಲದ ಮೇಲೆ ಇರುವೆ ಹತ್ತಿದೆ," ಎಂದಳು.

ಸಾವಂತ್ರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾಯ್ತು ಅವ್ವ. ಇವತ್ತಿಂದ ಬೆಲ್ಲ ಮುಟ್ಟಲ್ಲ. ಹೊಳೆ ಮೇಲೆ ಆಣೆ."

"ಬೆಲ್ಲ ನಿನಗೇನು ಮಾಡ್ತು?"

"ಹಾಗಾದರೆ ಒಂದು ವಾರ ಉಪವಾಸ ಇರ್ತೀನಿ."

"ಹೋದ ವಾರ ಆ ಮಡಕೆ ಮುಂದೆಯೂ ಇದೇ ಮಾತು ಹೇಳಿದೆ. ಮಡಕೆ ನಂಬಿತ್ತು, ಪಾಪ."

ಸಾವಂತ್ರಿ ಕುಸಿದು ಕೂತಳು. "ಹೊಟ್ಟೆ ಉರೀತದೆ ಅವ್ವ."

"ಹಸಿವಿನ ಉರಿಯೋ, ದೇವೀರಿ ಉರಿಯೋ?"

"ಎರಡೂ ಒಂದೇ ಕಡೆ ಉರಿದರೆ ಹೇಗೆ ಗೊತ್ತಾಗ್ತದೆ?"

ಹಾಲಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಹನ್ನೊಂದು ವರ್ಷದಲ್ಲಿ ಇದೊಂದು ಒಳ್ಳೆ ಪ್ರಶ್ನೆ ಕೇಳಿದೆ," ಎಂದು ಎದ್ದು ಹೋದಳು.

ಮಾರನೆಯ ದಿನ ದೇವೀರಿ ತಂಗಿಯ ಬಾಣಂತನಕ್ಕೆಂದು ಊರಿಗೆ ಹೊರಟಳು. ತಿರುಗಿ ಬರುವುದು ಒಂದು ತಿಂಗಳಾದ ಮೇಲೆ. ಸಾವಂತ್ರಿ ಅವಳ ಗಂಟನ್ನು ತಾನೇ ಹೊತ್ತು ದೋಣಿಯ ತನಕ ಹೋದಳು. ಅಷ್ಟು ಪ್ರೀತಿಯಿಂದ ಅವಳು ಯಾರನ್ನೂ ಕಳಿಸಿಕೊಟ್ಟಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಪಕ್ಕದಲ್ಲಿ ಎಲೆ ಇರಲಿಲ್ಲ. ಹಾಲಮ್ಮ ಮುದ್ದೆ ಇಟ್ಟು, ಸೊಪ್ಪಿನ ಸಾರು ಬಿಡತೊಡಗಿದಳು. ಒಂದು ಸೌಟು. ಎರಡು.

ಸಾವಂತ್ರಿ ಕಿವಿ ನಿಮಿರಿಸಿ ಕಾದಳು. ಪಕ್ಕದಿಂದ ಸದ್ದಿಲ್ಲ.

ಮೂರು. ನಾಲ್ಕು. ಮುದ್ದೆ ಮುಳುಗಿತು.

"ಅವ್ವ..."

"ಹೇಳು."

ಎಲ್ಲಿಗೆ ನಿಲ್ಲಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಐದನೆಯ ಸೌಟಿಗೆ ಸಾರು ಎಲೆಯ ಅಂಚು ದಾಟಿ ಅವಳ ಮಡಿಲಿಗೆ ಹರಿಯಿತು.

"ನನಗೆ ಎಷ್ಟು ಬೇಕು ಅಂತ ನನಗೇ ಗೊತ್ತಿಲ್ಲ," ಎಂದಳು ಸಾವಂತ್ರಿ.

"ದೇವೀರಿಗೆ ಎಷ್ಟು ಬೇಕು?"

"ಹಸಿವಾಗಿದ್ದರೆ ಎರಡು ಮುದ್ದೆ, ಮೂರು ಸೌಟು ಸಾರು. ಇಲ್ಲದಿದ್ದರೆ ಒಂದು ಮುದ್ದೆ, ಎರಡು ಸೌಟು. ಸಂಜೆ ಒಂದು ಬಟ್ಟಲು ಗಂಜಿ."

"ಅವಳ ಹೊಟ್ಟೆ ನಿನಗೆ ಬಾಯಿಪಾಠ," ಎಂದಳು ಹಾಲಮ್ಮ. "ಹೋಗು, ಸೀರೆ ಬದಲಿಸು. ನಾಳೆಯಿಂದ ಹೊಳೆ ಕಡೆ ಮುಖ ಮಾಡಿ ಕೂತು ಉಣ್ಣು."

"ವ್ರತವಾ ಅವ್ವ?"

"ಊಟ."

ಮೊದಲ ದಿನ ಸಾವಂತ್ರಿ ಮೂರು ಮುದ್ದೆ ಉಂಡು ಹೊಟ್ಟೆ ಹಿಡಿದುಕೊಂಡು ಮಲಗಿದಳು. ಎರಡನೆಯ ದಿನ ಅದರ ಸಿಟ್ಟಿಗೆ ಅರ್ಧ ಊಟಕ್ಕೇ ಎದ್ದಳು. ಮೂರನೆಯ ದಿನ ಮತ್ತೆ ಬೆಲ್ಲದ ಮಡಕೆ.

"ಎಲ್ಲಾ ಕೆಟ್ಟೋಯ್ತು ಅವ್ವ. ಮತ್ತೆ ಮೊದಲಿಂದ ಶುರು ಮಾಡಬೇಕು."

"ಮೊದಲಿಂದ ಯಾಕೆ? ಸಂಜೆ ಊಟದಿಂದ ಶುರು ಮಾಡು."

ಹಾಲಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ತಾಯಿ ಸತ್ತ ಕರುವೊಂದನ್ನು ಸಾವಂತ್ರಿ ಅಲ್ಲಿ ದೊಡ್ಡದು ಮಾಡಿದ್ದಳು.

"ಅದನ್ನ ಹೇಗೆ ಸಾಕಿದೆ?"

"ಹೇಗೆ ಅಂದರೆ? ದಿನಾ ಹೊತ್ತಿಗೆ ಸರಿಯಾಗಿ ಹಾಲು ಕುಡಿಸಿದೆ. ಆಮೇಲೆ ಹುಲ್ಲು ಹಾಕಿದೆ."

"ಒಂದು ದಿನ ಉಪವಾಸ ಕೆಡವಿ, ಇನ್ನೊಂದು ದಿನ ಬಾಯಿಗೆ ಬೆಲ್ಲ ತುರುಕಲಿಲ್ಲವಾ?"

"ಮೂಕಪ್ರಾಣಿ ಅವ್ವ. ಹಾಗೆ ಮಾಡೋಕೆ ಮನಸ್ಸು ಬರ್ತದಾ?"

ಹಾಲಮ್ಮ ಸಾವಂತ್ರಿಯ ಹೊಟ್ಟೆಯನ್ನು ನೋಡಿದಳು.

ಸಾವಂತ್ರಿ ಮಧ್ಯಾಹ್ನದ್ದನ್ನು ಮಧ್ಯಾಹ್ನ ಉಂಡಳು, ಸಂಜೆಯದ್ದನ್ನು ಸಂಜೆ. ಕೂತು ಉಂಡಳು. ತಪ್ಪಿದ ದಿನ ಮುಂದಿನ ಊಟಕ್ಕೆ ಬಂದು ಕೂತಳು. ಬೇಕೆನಿಸಿದರೆ ಎಲ್ಲರ ಎದುರೇ ಒಂದು ಚೂರು ಬೆಲ್ಲ ಕೇಳಿ ತಿಂದಳು.

ಸೊಪ್ಪಿನ ಸಾರಿಗೆ ಹಾಲಮ್ಮ ಬೆಳ್ಳುಳ್ಳಿ ಜಜ್ಜಿ ಹಾಕುತ್ತಾಳೆ ಎಂಬುದು ಅವಳ ನಾಲಿಗೆಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಒಂದು ಬೆಳಿಗ್ಗೆ ಎದ್ದವಳಿಗೆ ತಾನು ಯಾವಾಗ ನಿದ್ದೆ ಹೋದೆ ಎಂಬುದೇ ನೆನಪಾಗಲಿಲ್ಲ. ಬಾವಿಯ ಹಗ್ಗ ಬೈಗುಳ ಕೇಳಿ ವಾರವಾಗಿತ್ತು.

ಹುಣ್ಣಿಮೆಯ ಹಿಂದಿನ ದಿನ ದೇವೀರಿ ಬಂದಳು, ಬಾಣಂತಿ ಮನೆಯ ತುಪ್ಪ ಉಂಡು ಕೆನ್ನೆ ಮಿನುಗಿಸಿಕೊಂಡು. ಸಾವಂತ್ರಿಯ ಹೊಟ್ಟೆಯಲ್ಲಿ ಹಳೆಯ ಒಲೆ ಭಗ್ಗೆಂದಿತು.

"ಅಕ್ಕ, ಮುಖ ಎಷ್ಟು ಗೆಲುವಾಗಿದೆ ನಿಮ್ಮದು."

"ನೀನಿಲ್ಲದ ಗಾಳಿ ಒಗ್ಗಿತು."

ದೇವೀರಿ ನಕ್ಕಳು. ಮನಸ್ಸಿಗೆ ಹಚ್ಚಿಕೊಳ್ಳದೆ ನಕ್ಕಳು. ಸಾವಂತ್ರಿಗೆ ಸಹಿಸಲಾಗದ್ದು ಅದೇ.

ಮಾರನೆಯ ದಿನ ಎಲ್ಲರ ಮುಂದೆ ಹಾಲಮ್ಮ ಸೌಟನ್ನು ದೇವೀರಿಯ ಕೈಗೆ ಕೊಟ್ಟಳು.

ಸಾವಂತ್ರಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಹನ್ನೊಂದು ವರ್ಷ ಬೀಸಿದೆ, ತೊಳೆದೆ. ಈ ಒಂದು ತಿಂಗಳು ನನ್ನನ್ನೇ ತಿದ್ದಿಕೊಂಡೆ. ಆದರೂ ಅವಳಿಗೇನಾ?"

"ಉಣ್ಣೋರು ತಮ್ಮ ಎಲೆ ನೋಡಬೇಕು. ಬಡಿಸೋರು ಇನ್ನೊಬ್ಬರ ಎಲೆ ನೋಡಬೇಕು. ನೀನು ಮೊದಲನೇದನ್ನ ಈಗಷ್ಟೇ ಕಲೀತಿದ್ದೀಯ."

"ಅವಳು ಏನು ನೋಡಿಬಿಟ್ಟಳು?"

"ನೀನು ಅರೆಹೊಟ್ಟೆಯಲ್ಲಿ ಏಳೋದನ್ನ. ಉಗ್ರಾಣದ ಮಡಕೆಗೆ ಬೆಲ್ಲ ತುಂಬಿಸಿ ಇಡ್ತಿದ್ದೋರು ಯಾರು ಅಂದುಕೊಂಡೆ?"

ಸಾವಂತ್ರಿಗೆ ಗಂಟು ಕಟ್ಟಿಕೊಂಡು ಹೊರಟುಬಿಡೋಣ ಅನ್ನಿಸಿತು. ಆದರೆ ಊಟದ ಹೊತ್ತಾಗಿತ್ತು. ಕಾಲು ತಾನಾಗಿ ಪಂಕ್ತಿಯ ಕಡೆ ನಡೆಯಿತು.

ದೇವೀರಿ ಬಡಿಸುತ್ತ ಬಂದಳು. ಸಾವಂತ್ರಿಯ ಎಲೆಯ ಮುಂದೆ ಬಗ್ಗಿದಳು. ಒಂದು ಸೌಟು ಬಿದ್ದಿತು.

ಈಗಲೇ ಸಾಕು ಅಂದು, ಬರಿಹೊಟ್ಟೆಯಲ್ಲಿ ಎದ್ದು, ಅವಳು ಬಡಿಸುವ ಮೊದಲ ಊಟ ಕೆಡಿಸಲೇ? ಇಲ್ಲವೇ ಬಾಯಿ ಹೊಲಿದುಕೊಂಡು ಕೂತು, ಸಾರು ಅವಳ ಕಾಲ ಮೇಲೇ ಹರಿಯುವಂತೆ ಮಾಡಲೇ? ಎರಡೂ ರುಚಿಯಾಗಿಯೇ ಕಂಡವು.

ಎರಡನೆಯ ಸೌಟು.

ಸಾವಂತ್ರಿ ಕಣ್ಣು ಮುಚ್ಚಿದಳು. ಹಸಿವು ಅಲ್ಲಿತ್ತು, ಕೆಳಗೆ. ಇನ್ನೊಂದು ಉರಿಯೂ ಇತ್ತು, ಅದಕ್ಕಿಂತ ಗೇಣು ಮೇಲೆ, ಎದೆಯ ಹತ್ತಿರ. ಇಷ್ಟು ದಿನ ಎರಡನ್ನೂ ಒಂದೇ ಒಲೆ ಅಂದುಕೊಂಡಿದ್ದಳು.

"ಇನ್ನರ್ಧ ಬಿಡು," ಎಂದಳು.

ದೇವೀರಿ ಇನ್ನರ್ಧ ಬಿಟ್ಟು, "ಸಾಕಾ ಅಕ್ಕ?" ಎಂದಳು.

"ಸಾಕು."

ಎಲೆಯಲ್ಲಿ ಒಂದು ಸೊಪ್ಪಿನ ಎಸಳೂ ಉಳಿಯದಂತೆ ಉಂಡಳು. ಕೈ ತೊಳೆದು ಬಂದು ಹಾಲಮ್ಮನ ಪಕ್ಕ ಕೂತಳು.

"ಮೇಲಿನ ಉರಿ ಇನ್ನೂ ಆರಿಲ್ಲ ಅವ್ವ."

"ಆರದಿದ್ದರೆ ಬಿಡು," ಎಂದಳು ಹಾಲಮ್ಮ. "ದೇವೀರಿ ಎದುರಿಗಿದ್ದೂ ಇವತ್ತು ನಿನ್ನ ಹೊಟ್ಟೆಯಲ್ಲೇ ಒಂದು ಸಾಕು ಹುಟ್ಟಿತು. ದಿನಾ ಹೊತ್ತಿಗೆ ಸರಿಯಾಗಿ ಅದನ್ನ ಸಾಕು."