ಬೊಮ್ಮನ ಗುಡ್ಡೆ

ಮಠದವರು ವರ್ಷಕ್ಕೊಮ್ಮೆ ಬೆಟ್ಟದ ಕೋಟೆ ಹತ್ತುತ್ತಿದ್ದರು. ಬೆಳಗಿನ ತಂಪಿನಲ್ಲಿ ಹೊರಟು, ಮೇಲೆ ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ಇಳಿಯುವುದು.

ಹತ್ತುವಾಗ ಒಬ್ಬೊಬ್ಬರೂ ಬುಡದಿಂದ ಒಂದೊಂದು ಕಲ್ಲು ಒಯ್ಯಬೇಕು. ಕೋಟೆ ಬಾಗಿಲ ಪಕ್ಕದ ಗುಡ್ಡೆಗೆ ಅದನ್ನು ಎಸೆದು, "ಥೂ, ಬೊಮ್ಮ!" ಎಂದು ಉಗಿದೇ ಒಳಗೆ ಕಾಲಿಡಬೇಕು.

ಬೊಮ್ಮ ಹಿಂದೆ ಆ ಬಾಗಿಲು ಕಾಯುತ್ತಿದ್ದವನು. ಮುತ್ತಿಗೆ ಹಾಕಿದ ಶತ್ರುವಿಗೆ ಅಗುಳಿ ತೆಗೆದುಕೊಟ್ಟವನು.

ಯಾಕೆ ತೆಗೆದ? ಪಾತರದವಳೊಬ್ಬಳು ಕಣ್ಣು ಹೊಡೆದಳು ಅಂತ ಒಬ್ಬರು. ರಾಣಿಯ ಮೇಲೇ ಅವನಿಗೆ ಕಣ್ಣಿತ್ತು ಅಂತ ಇನ್ನೊಬ್ಬರು. ಬೊಮ್ಮ ತೆಗೆದ ಬಾಗಿಲಿಗಾದರೂ ಅಗುಳಿ ಇತ್ತು, ಊರಿನ ಬಾಯಿಗೆ ಎಲ್ಲಿದೆ?

ಆ ವರ್ಷ ಶಿಷ್ಯ ಹಂಪಣ್ಣನೂ ಹೊರಟ. ದೂರದ ಸೀಮೆಯವನು. ಯಾವ ಮನೆತನ ಎಂದರೆ ಮಾತು ತೇಲಿಸಿಬಿಡುತ್ತಿದ್ದ. ತೇಲಿಸದೆ ಏನು ಮಾಡಿಯಾನು? ಅವನು ಬೊಮ್ಮನ ಮರಿಮೊಮ್ಮಗ. ಗೊತ್ತಾದರೆ ಭಕ್ತರು ಮಠದ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ.

ಗುಡ್ಡೆ ಬಂತು. ಹಂಪಣ್ಣ ಎಲ್ಲರಿಗಿಂತ ದೊಡ್ಡ ಕಲ್ಲು ಎಸೆದ. ಎಲ್ಲರಿಗಿಂತ ಜೋರಾಗಿ ಉಗಿದ.

"ಭಲೇ! ನಿಷ್ಠೆ ಅಂದರೆ ಇದಪ್ಪ!" ಎಂದಳು ಮಠದ ಅಡುಗೆಯ ಪುಟ್ಟಗೌರಮ್ಮ.

ಗುರು ಅಜ್ಜಪ್ಪಯ್ಯ ಎಂದಿನಂತೆ ಬರಿಗೈಯಲ್ಲಿ ಒಳಗೆ ಹೋದರು.

ಬುರುಜಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಹಂಪಣ್ಣ ಮೊಸರನ್ನವನ್ನೂ ಮುಟ್ಟಲಿಲ್ಲ. ಗುರು ಅವನನ್ನು ಅತ್ತ ಕರೆದರು.

"ತೋಳು ನೋಯುತ್ತಿದೆಯೇನೋ?"

"ಇಲ್ಲ ಬುದ್ಧೀ."

"ಅಷ್ಟು ಬೀಸಿ ಎಸೆದೆಯಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ."

ಹಂಪಣ್ಣನ ಮುಖ ಸುಣ್ಣವಾಯಿತು.

"ಅವನು ನಮ್ಮ ಮುತ್ತಜ್ಜ, ಬುದ್ಧೀ."

"ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ?"

"ಮುತ್ತಿಗೆಯ ಹೊತ್ತಿಗೆ ಕೋಟೆಯ ಕೊಳ ಬತ್ತಿತ್ತಂತೆ. ಮಕ್ಕಳು ಹಸಿಗೋಡೆ ನೆಕ್ಕುತ್ತಿದ್ದವಂತೆ. ದೊರೆ ಮಾತ್ರ ಇದ್ದ ನೀರನ್ನು ತನ್ನ ಕುದುರೆಗೆ ಕುಡಿಸುತ್ತಿದ್ದನಂತೆ. 'ಜನರನ್ನು ಬಿಡಿ, ನನ್ನ ತಲೆ ತೆಗೆದುಕೊಳ್ಳಿ' ಎಂದು ಶತ್ರುವಿನ ಜೊತೆ ಮಾತಾಡಿಕೊಂಡು ಮುತ್ತಜ್ಜ ಬಾಗಿಲು ತೆಗೆದನಂತೆ. ಜನ ಉಳಿದರು, ತಲೆ ಹೋಯಿತು. ಆದರೆ ಅದು ನಮ್ಮ ಮನೆಯ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು. ಯಾರು ನಂಬುತ್ತಾರೆ?"

"ನೀನು ನಂಬುತ್ತೀಯಾ?"

ಹಂಪಣ್ಣ ತಲೆ ತಗ್ಗಿಸಿದ.

"ದೊರೆಯ ಅರಮನೆ ಎಲ್ಲಿ?"

"ಬಿದ್ದುಹೋಗಿದೆ."

"ಅವನ ಹೆಸರು?"

"ಯಾರಿಗೂ ಗೊತ್ತಿಲ್ಲ."

"ಬೊಮ್ಮನ ಗುಡ್ಡೆ?"

ಹಂಪಣ್ಣ ಕೆಳಗೆ ನೋಡಿದ. ಕೋಟೆಯೆಲ್ಲ ಕುಸಿದಿತ್ತು. ಗುಡ್ಡೆ ಒಂದೇ ಬಾಗಿಲಿಗಿಂತ ಎತ್ತರ ಬೆಳೆದಿತ್ತು.

ಇಳಿಯುವಾಗ ಅವನು ಗುಡ್ಡೆಯ ಮುಂದೆ ನಿಂತ. ತಾನು ಎಸೆದ ಕಲ್ಲನ್ನು ಹುಡುಕಿ ತೆಗೆದ. ಅದರ ಮೇಲಿನ ಎಂಜಲನ್ನು ತನ್ನ ಹೆಗಲ ವಸ್ತ್ರದಿಂದ ಒರೆಸಿದ. ಗುಡ್ಡೆ ಹತ್ತಿ, ತುದಿಯಲ್ಲಿ ಅಲುಗದಂತೆ ಕೂರಿಸಿ ಇಳಿದ.

"ಅಯ್ಯೋ ಹುಚ್ಚಪ್ಪಾ! ಆ ದರಿದ್ರದವನ ಕಲ್ಲು ಯಾಕೋ ಒರೆಸಿದೆ?" ಎಂದು ಪುಟ್ಟಗೌರಮ್ಮ ಕಿರುಚಿದಳು.

"ಅವನು ನಮ್ಮ ಮುತ್ತಜ್ಜ ಕಣಮ್ಮಾ. ನಾನು ಬಾಗಿಲ ಬೊಮ್ಮನ ಮನೆಯವನು."

ಹೇಳುವಾಗ ಅವನ ಕತ್ತು ಧ್ವಜದ ಕಂಬದಂತೆ ನೆಟ್ಟಗಿತ್ತು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಪುಟ್ಟಗೌರಮ್ಮ ಗುರುಗಳತ್ತ ತಿರುಗಿದಳು.

"ದ್ರೋಹಿಯ ಕುಡಿ! ಇವನ ಕೈಗೆ ಅನ್ನ ಬಡಿಸಿದೆನಲ್ಲಪ್ಪಾ! ಅಟ್ಟಿ ಬುದ್ಧೀ ಇವನನ್ನ! ಅಲ್ಲಾ, ನೀವು ಯಾವ ವರ್ಷವೂ ಕಲ್ಲು ಹಾಕಿದ್ದು ನಾನು ನೋಡಿಲ್ಲ. ಅದು ಯಾಕೆ?"

ಅಜ್ಜಪ್ಪಯ್ಯ ಬಂದು ಹಂಪಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಈ ಬಾಗಿಲು ತೆರೆದ ದಿನ ಹೊರಗೆ ನಡೆದು ಬಂದವರಲ್ಲಿ ನಮ್ಮ ಮುತ್ತಜ್ಜಿಯೂ ಒಬ್ಬಳು, ಗೌರಮ್ಮಾ. ಬಸುರಿಯಾಗಿದ್ದಳು."